ಐವತ್ತೆರಡನೇ ಸಾಲಿನ ಕಿಟಕಿ

ಬಾಗಿಲ ಪಕ್ಕದ ಸೀಟಿನ ವಿಷಯವನ್ನು ನನ್ನ ಮುಂದೆ ಯಾರೂ ಎತ್ತಕೂಡದು. ಎತ್ತಿದರೆ ನನಗೆ ಕೋಪ ಬರುತ್ತದೆ. ಕೋಪ ಬಂದರೆ ತೆಲುಗು ಬರುತ್ತದೆ. ಶ್ರೀನಿವಾಸಪುರದಲ್ಲಿ ಹುಟ್ಟಿ ಬೆಳೆದವರಿಗೆ ಇದು ಇದ್ದದ್ದೇ, ಮಾತು ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಆದರೂ ನಡೆದದ್ದನ್ನು ಇವತ್ತು ಹಲ್ಲು ಕಚ್ಚಿಕೊಂಡು ಕನ್ನಡದಲ್ಲೇ ಹೇಳುತ್ತೇನೆ. ಏಕೆಂದರೆ ನನ್ನ ಹೆಂಡತಿ ಅನಸೂಯಮ್ಮ ಈ ಕಥೆಯನ್ನು ಈಗಾಗಲೇ ಹದಿನಾಲ್ಕು ಮನೆಗಳಲ್ಲಿ ಹೇಳಿ ಮುಗಿಸಿದ್ದಾಳೆ, ಒಂದು ಮನೆಯಲ್ಲೂ ನನ್ನ ಕಡೆಯ ವಾದ ಮಂಡನೆಯಾಗಿಲ್ಲ.

ನನ್ನ ಹೆಸರು ಕೋದಂಡರಾಮಾಚಾರಿ. ಕುಲಕಸುಬಿನ ಪ್ರಕಾರ ಉಳಿ ಸುತ್ತಿಗೆ ಹಿಡಿಯಬೇಕಾದ ಕೈ ನನ್ನದು. ಆದರೆ ಕಲ್ಲಿಗೂ ನನಗೂ ಸರಿಬರಲಿಲ್ಲ. ನಾನು ಕೆತ್ತಿದ ಮೊದಲನೇ ನಂದಿಯನ್ನು ನೋಡಿ ನಮ್ಮಪ್ಪ, ಇದನ್ನು ಕಲ್ಲಾಗಿಯೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದರು. ಅವತ್ತೇ ಉಳಿ ಕೆಳಗಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಅಲ್ಲಿಂದ ಇಪ್ಪತ್ತೆಂಟು ವರ್ಷ ಶ್ರೀ ಗಜಾನನ ಮೋಟಾರ್ ಸರ್ವಿಸ್ಸಿನ ಬುಕಿಂಗ್ ಏಜೆಂಟ್. ಗೌನಿಪಲ್ಲಿಯಿಂದ ಹೊರಟು, ಶ್ರೀನಿವಾಸಪುರ, ಕೋಲಾರ ಹಾದು ಮಾಲೂರು ಮುಟ್ಟುವ ನಮ್ಮ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಇಪ್ಪತ್ತೆಂಟು ವರ್ಷ ತೀರ್ಮಾನ ಮಾಡಿದವನು ನಾನು. ತಾಲ್ಲೂಕು ಕಚೇರಿಯ ಗುಮಾಸ್ತರನ್ನೂ ಕೂರಿಸಿದ್ದೇನೆ, ಕೋಳಿ ಬುಟ್ಟಿಯವರನ್ನೂ ಕೂರಿಸಿದ್ದೇನೆ, ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರನ್ನು ಇಸ್ತ್ರಿ ಕೆಡದ ಹಾಗೆ ಕೂರಿಸಿ ಕಳಿಸಿದ್ದೇನೆ.

ಸೀಟು ಸಿಗುವುದನ್ನು ಜನ ಅದೃಷ್ಟ ಎಂದುಕೊಂಡಿದ್ದಾರೆ. ಅದು ಅದೃಷ್ಟವಲ್ಲ, ಶಾಸ್ತ್ರ. ಮುಂದಿನ ಸೀಟಿಗೆ ಇಂಜಿನ್ನಿನ ಕಾವು. ಚಕ್ರದ ಮೇಲಿನ ಸೀಟಿಗೆ ಸೊಂಟದ ನೋವು. ಹಿಂದಿನ ಸೀಟಿನಲ್ಲಿ ಕೂತವನ ತಲೆ ಹಳ್ಳ ಬಂದಾಗಲೆಲ್ಲ ತಗಡಿಗೆ ಬಡಿಯುತ್ತದೆ. ಇವೆಲ್ಲಕ್ಕಿಂತ ನಿಕೃಷ್ಟವಾದದ್ದು, ವೈರಿಗೂ ಕೊಡಬಾರದ್ದು, ಬಾಗಿಲ ಪಕ್ಕದ ಸೀಟು. ಹತ್ತುವವರೆಲ್ಲ ಕಾಲು ತುಳಿಯುತ್ತಾರೆ, ಇಳಿಯುವವರೆಲ್ಲ ಗಂಟು ಮೂಟೆಯಿಂದ ಮುಖ ಒರೆಸುತ್ತಾರೆ, ರಸ್ತೆಯ ಧೂಳೆಲ್ಲ ಅಲ್ಲಿಗೇ ಬರುತ್ತದೆ. ಆದ್ದರಿಂದ ಬುದ್ಧಿವಂತನಾದವನು ಬಿಸಿಲಿನ ದಿಕ್ಕು ನೋಡಿ, ನೆರಳಿನ ಕಡೆಯಲ್ಲಿ, ಬಾಗಿಲಿಗೂ ಚಕ್ರಕ್ಕೂ ದೂರವಾದ ಕಿಟಕಿಯನ್ನು ಹಿಡಿಯಬೇಕು. ಹಿಡಿಯುವುದು ಹೇಗೆಂದರೆ ಟವೆಲ್ಲಿನಿಂದ. ಬಸ್ಸು ಇನ್ನೂ ತಿರುಗಿ ನಿಲ್ಲುವಷ್ಟರಲ್ಲಿ ಹೊರಗಿನಿಂದಲೇ ಕಿಟಕಿಯೊಳಗೆ ಎಸೆದುಬಿಡಬೇಕು. ನಾನು ಎಸೆದ ಟವೆಲ್ಲು ಮಡಿಕೆ ಬಿಚ್ಚದೆ ಸೀಟಿನ ನಟ್ಟನಡುವೆ ಬೀಳುತ್ತಿತ್ತು. (ಇದನ್ನು ನೋಡಲೆಂದೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದವರಿದ್ದರು. ಈಗ ಕೇಳಿದರೆ ಒಪ್ಪಿಕೊಳ್ಳುವುದಿಲ್ಲ.)

ಜಗಳಗಳು ಹೆಚ್ಚಾದಾಗ ನಾನೇ ಒಂದು ತಗಡಿನ ಬೋರ್ಡು ಬರೆಸಿ ಬುಕಿಂಗ್ ಆಫೀಸಿನ ಮೇಲೆ ನೇತುಹಾಕಿದೆ. ‘ಒಮ್ಮೆ ಕೂತ ಸೀಟು ಬದಲಾಯಿಸಲಾಗುವುದಿಲ್ಲ. ಇಂತಿ, ಏಜೆಂಟರು.’ ಈ ಬೋರ್ಡನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ಹೆಂಡತಿ ಇಟ್ಟುಕೊಂಡಿದ್ದಳು.

ವಿಷಯ ಶುರುವಾದದ್ದು ಎಂಬತ್ತೈದನೇ ಇಸವಿಯಲ್ಲಿ. ನನ್ನ ಹೆಂಡತಿಯ ತವರು ಮಾಲೂರಿನಾಚೆಯ ಶಿವಾರಪಟ್ಟಣ. ಅವಳ ತಮ್ಮ ಕದಿರೇಶ ಅಲ್ಲಿನ ಶಿಲ್ಪಿ. ತಾಯಿ ಇಲ್ಲದ ಆ ಹುಡುಗನನ್ನು ಸಾಕಿದವಳು ಇವಳೇ. ಅಮೆರಿಕದ ಒಂದೂರಿನಲ್ಲಿ ನಮ್ಮ ಜನ ಸೇರಿ ಗಣಪತಿ ಗುಡಿ ಕಟ್ಟಿಸುತ್ತಿದ್ದರು. ಅದರ ಕೆಲಸಕ್ಕೆ ಕದಿರೇಶನನ್ನು ಕರೆಸಿಕೊಂಡು ಎರಡು ವರ್ಷವಾಗಿತ್ತು. ಮೂರ್ತಿ ಮುಗಿದು, ಶಿಲ್ಪಿ ಅದರ ಕಣ್ಣು ಬಿಡಿಸುವ ದಿನ ಗೊತ್ತಾದಾಗ, ನಿನಗೇನು ಬೇಕು ಕೇಳು ಎಂದು ಕಮಿಟಿಯವರು ಕೇಳಿದರಂತೆ. ನಮ್ಮಕ್ಕ ಭಾವ ಅವತ್ತು ಎದುರಿಗೆ ನಿಂತಿರಬೇಕು ಎಂದನಂತೆ ಇವನು. ಹಾಗಾಗಿ ಎರಡು ವಿಮಾನದ ಟಿಕೆಟ್ಟು ಅಂಚೆಯಲ್ಲಿ ಬಂದವು. ಎಕಾನಮಿ ಕ್ಲಾಸು. ಬೊಂಬಾಯಿಯಿಂದ ಲಂಡನ್, ಲಂಡನ್ನಿನಿಂದ ನ್ಯೂಯಾರ್ಕ್. ನಡುವೆ ನಿಲ್ಲುವುದೂ ಸೇರಿ ಇಪ್ಪತ್ತು ಗಂಟೆಗೆ ಕಡಿಮೆ ಇಲ್ಲ.

ಇಪ್ಪತ್ತು ಗಂಟೆ ಎಂದ ಕೂಡಲೇ ನನ್ನ ಎಡಗಾಲಿನ ಮಂಡಿ ಹಿಡಿದುಕೊಂಡಿತು. ಎಪ್ಪತ್ತೊಂಬತ್ತರ ಮಾವಿನ ಸುಗ್ಗಿಯಲ್ಲಿ ಬಸ್ಸಿನ ಮೇಲೆ ಬುಟ್ಟಿ ಕಟ್ಟಿಸುತ್ತಿದ್ದಾಗ ಏಣಿಯಿಂದ ಜಾರಿ ಬಿದ್ದು ಕೆಟ್ಟ ಮಂಡಿ ಅದು. ಒಂದು ಗಂಟೆಗಿಂತ ಹೆಚ್ಚು ಮಡಿಚಿದರೆ ಅದು ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಈ ಪ್ರಯಾಣದಲ್ಲಿ ಸೀಟಿನ ಆಯ್ಕೆ ಎಂಬುದು ನನಗೆ ಜೀವನ್ಮರಣದ ಪ್ರಶ್ನೆಯಾಗಿತ್ತು. ನನಗಿದ್ದ ಕಷ್ಟ ಇದೊಂದೇ ಎಂದುಕೊಂಡಿದ್ದೆ.

ಊಟಕ್ಕೆ ಕೂತಾಗ ಅನಸೂಯ ಮುದ್ದೆ ಬಡಿಸಿ, ಸೊಪ್ಪಿನ ಸಾರು ಹಾಕಿ, ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದಳು.

“ಈ ಸಲ ಕಿಟಕಿ ನಂದು.”

ನಾನು ತಾಳ್ಮೆಯಿಂದಲೇ ವಿವರಿಸಿದೆ. ಕಿಟಕಿ ಅಂದರೆ ಹವಾ ತಿನ್ನುವ ಜಾಗವಲ್ಲ, ಜವಾಬ್ದಾರಿ ಇರುವ ಜಾಗ. ಇಪ್ಪತ್ತೆಂಟು ವರ್ಷ ಮಾಲೂರು ಬಸ್ಸಿನಲ್ಲಿ ನಾನು ಕಿಟಕಿಯಲ್ಲಿ ಕೂತದ್ದು ಸುಖಕ್ಕಲ್ಲ. ಡ್ರೈವರ್ ಸೊಣ್ಣಪ್ಪ ಹೇಗೆ ಓಡಿಸುತ್ತಾನೆ, ಯಾವ ಸ್ಟಾಪಿನಲ್ಲಿ ಎಷ್ಟು ಜನ ಕಾದಿದ್ದಾರೆ, ಎದುರು ಕಂಪನಿಯ ಬಸ್ಸು ಎಲ್ಲಿ ಓವರ್‌ಟೇಕ್ ಮಾಡುತ್ತದೆ, ಇವನ್ನೆಲ್ಲ ಏಜೆಂಟನಾದವನು ನೋಡಬೇಕಾಗುತ್ತದೆ.

“ವಿಮಾನದ ಡ್ರೈವರ್ನೂ ನೀವೇ ನೋಡ್ಕೋಬೇಕಾ?” ಎಂದಳು. ಆಮೇಲೆ ನನ್ನ ತಟ್ಟೆಯನ್ನೇ ನೋಡುತ್ತಾ, ದನಿ ಏರಿಸದೆ ಮುಂದುವರಿಸಿದಳು. “ಮದುವೆ ಆದಾಗಿನಿಂದ ಆ ರೋಡಲ್ಲಿ ತವರಿಗೆ ಹೋಗಿ ಬರ್ತಿದ್ದೀನಿ. ಶ್ರೀನಿವಾಸಪುರದಿಂದ ಮಾಲೂರವರೆಗೂ ಏನೇನಿದೆ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ ಕಣ್ರೀ. ನಿಮ್ ಕಿವಿ ಗೊತ್ತು. ಅದ್ರಲ್ಲಿ ಎಷ್ಟು ಕೂದ್ಲು ಅಂತ ಬೇಕಾದ್ರೆ ಹೇಳ್ತೀನಿ.”

ನಾನು ಸಿಟ್ಟಿನಿಂದ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಕನ್ನಡಿಯಲ್ಲಿ ಕಿವಿ ನೋಡಿಕೊಂಡೆ. ಅವಳು ಹೇಳಿದಷ್ಟು ಇರಲಿಲ್ಲ.

ಮಾರನೆಯ ದಿನ ಬುಕಿಂಗ್ ಆಫೀಸಿನ ಪಕ್ಕದ ಬಳೆ ಅಂಗಡಿ ರಹಮತ್ತುಲ್ಲಾ ಸಾಹೇಬರು ಈ ವಿಷಯಕ್ಕೆ ಕೈ ಹಾಕಿದರು. ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಅವರೊಬ್ಬರೇ. ನಾಲ್ಕು ವರ್ಷದ ಹಿಂದೆ ಹಜ್ ಯಾತ್ರೆಗೆ ಹೋಗಿ ಬಂದವರು, ಅಂದಿನಿಂದ ಆಕಾಶದಲ್ಲಿ ಗುಡುಗಿದರೂ ಜನ ಅವರ ಮುಖ ನೋಡುತ್ತಿದ್ದರು. ನನ್ನ ಮಂಡಿಯ ಸ್ಥಿತಿ ಅವರಿಗೆ ಗೊತ್ತಿತ್ತು. ಬಳೆ ಏರಿಸಿಕೊಳ್ಳಲು ಹೋದ ಅನಸೂಯಳ ಎದುರಿಗೇ ನನ್ನನ್ನು ಕರೆದು, ಒಂದು ಮಾತು ಹೇಳ್ತೀನಿ ಎಂದರು.

“ಆಚಾರ್ರೇ, ಬೊಂಬಾಯಲ್ಲಿ ಕೌಂಟರ್ ಇರ್ತದೆ, ಅಲ್ಲಿ ಸೀಟ್ ಕೊಡ್ತಾರೆ. ನೀವು ಬಾಗಿಲ ಪಕ್ಕದ್ದು ಕೇಳಿ ತಗೊಳ್ಳಿ. ಮುಂದೆ ಸೀಟೇ ಇರಲ್ಲ, ಕಾಲು ಆರಾಮಾಗಿ ಚಾಚ್ಕೊಂಡು ಹೋಗ್ಬಹುದು.”

ನನಗೆ ಮೈಯೆಲ್ಲ ಉರಿದುಹೋಯಿತು. ಜೀವಮಾನದಲ್ಲಿ ಒಂದು ಸಲ ಹೋಗಿ ಒಂದು ಸಲ ಬಂದ ಮನುಷ್ಯ, ಇಪ್ಪತ್ತೆಂಟು ವರ್ಷ ಜನರನ್ನು ಕೂರಿಸಿದವನಿಗೆ ಬಾಗಿಲ ಪಕ್ಕ ಕೂರು ಎನ್ನುತ್ತಾನಲ್ಲ. ಇದನ್ನು ಅಷ್ಟೂ ಬಾಯಿಬಿಟ್ಟು ಹೇಳಲಿಲ್ಲ, ಅರ್ಧ ಹೇಳಿದೆ. ಉಳಿದರ್ಧ ತೆಲುಗಿನಲ್ಲಿತ್ತು. ಸಾಹೇಬರಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ನಕ್ಕುಬಿಟ್ಟರು. ಅನಸೂಯ ಏನೂ ಮಾತನಾಡದೆ ಬಳೆಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುತ್ತಿದ್ದಳು. ಅವಳು ಮಾತನಾಡದೆ ಇರುವಾಗ ನಾನು ಹುಷಾರಾಗಬೇಕಿತ್ತು.

ಬದಲಾಗಿ ನಾನು ಶಾಸ್ತ್ರದಲ್ಲಿ ಮುಳುಗಿದೆ. ಮಗಳ ಸ್ಕೂಲಿನ ಹಳೆಯ ಭೂಪಟ ಹರಡಿಕೊಂಡು, ಅದರ ಮೇಲೆ ರಾಗಿ ಕಾಳಿಟ್ಟು ವಿಮಾನದ ದಾರಿ ಗುರುತು ಮಾಡಿದೆ. ಬೆಳಿಗ್ಗೆ ಹೊರಟು ಪಶ್ಚಿಮಕ್ಕೆ ಹೋದರೆ ಸೂರ್ಯ ಜೊತೆಯಲ್ಲೇ ಬರುತ್ತಾನೆ. ಅಂದರೆ ಬಿಸಿಲು ಇಡೀ ದಾರಿ ಎಡಗಡೆ. ಹಾಗಾದರೆ ಬಲಗಡೆ ಕೂರಬೇಕು. ಈ ಲೆಕ್ಕ ನೂರಕ್ಕೆ ನೂರು ಸರಿಯಾಗಿತ್ತು ಎಂಬುದನ್ನು ಇಲ್ಲಿ ದಾಖಲೆಗಾಗಿ ಹೇಳುತ್ತಿದ್ದೇನೆ. ಕಿಟಕಿಯ ಸಮಸ್ಯೆಗೂ ಒಂದು ಉಪಾಯ ಹೊಳೆದಿತ್ತು. ಇಬ್ಬರಿಗೂ ಅಕ್ಕಪಕ್ಕದ ಸೀಟು ತೆಗೆದುಕೊಳ್ಳುವುದು, ಮೊದಲು ನಾನು ಒಳಗೆ ನುಗ್ಗುವುದು, ಆಮೇಲೆ ಮಂಡಿ ಹಿಡಿದುಕೊಂಡಿದೆ ಎದ್ದೇಳಲಾರೆ ಎನ್ನುವುದು. ಮಾಲೂರು ಬಸ್ಸಿನಲ್ಲಿ ಎಪ್ಪತ್ತೊಂಬತ್ತರಿಂದ ಈಚೆಗೆ ಈ ಉಪಾಯ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಬೊಂಬಾಯಿಗೆ ರೈಲಿನಲ್ಲಿ ಹೋದೆವು. (ರೈಲಿನಲ್ಲೂ ಕಿಟಕಿ ನನ್ನದೇ. ಅವಳು ತಿಂಡಿಯ ಡಬ್ಬಿಯನ್ನು ತನ್ನ ಕಡೆ ಇಟ್ಟುಕೊಂಡಳು.) ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಮಾತು ಕೇಳಿ, ನೀವು ಕನ್ನಡದವರಾ ಎಂದಳು. ಮಂಗಳೂರಿನವಳಂತೆ. ಎಷ್ಟೋ ಸಮಾಧಾನವಾಯಿತು. ಅವಳ ಎದುರಿಗೆ ರಟ್ಟಿನ ಮೇಲೆ ಬರೆದ ವಿಮಾನದ ಸೀಟುಗಳ ನಕ್ಷೆಯಿತ್ತು. ಕೊಟ್ಟು ಮುಗಿದ ಸೀಟುಗಳ ಚೀಟಿಗಳನ್ನು ಕಿತ್ತು ತೆಗೆದಿದ್ದರು. ನಾನೂ ಬುಕಿಂಗ್ ಆಫೀಸಿನಲ್ಲಿ ಇಂಥದ್ದೇ ನಕ್ಷೆ ಇಟ್ಟುಕೊಂಡಿದ್ದವನು. ಕೈ ಕಟ್ಟಿ ನಿಂತು, ನಮ್ಮ ನಮ್ಮ ಕಸುಬಿನವರೊಂದಿಗೆ ಮಾತನಾಡುವ ಗತ್ತಿನಲ್ಲಿ, ನೋಡಮ್ಮ, ಒಳ್ಳೆಯ ಸೀಟು ಕೊಡು, ಮಂಡಿ ಸರಿಯಿಲ್ಲ ಎಂದೆ.

“ಹಾಗಾದ್ರೆ ಬಾಗಿಲ ಹತ್ತಿರದ್ದೇ ತಗೊಳ್ಳಿ ಅಂಕಲ್. ಎರಡು ಸೀಟು ಉಂಟು, ಬಲಗಡೆ. ಕಾಲು ಉದ್ದ ಬಿಡ್ಲಿಕ್ಕೆ ಆಗ್ತದೆ.”

ಊರು ಬಿಟ್ಟು ಇಷ್ಟು ದೂರ ಬಂದರೂ ಬಾಗಿಲು ನನ್ನನ್ನು ಬಿಡಲಿಲ್ಲ. ಅದನ್ನು ಬಿಟ್ಟು ಬೇರೆ ತೋರಿಸು ಎಂದೆ. ನಡುಭಾಗದಲ್ಲಿ ತೋರಿಸಿದಳು. ಚಕ್ರ ಎಲ್ಲಿದೆ ಎಂದು ಕೇಳಿದೆ. ರೆಕ್ಕೆಯ ಹತ್ತಿರ ಎಂದಳು. ಹಾಗಾದರೆ ಅದೂ ಬೇಡ. ಇಂಜಿನ್ ಎಲ್ಲಿದೆ ಎಂದು ಕೇಳಿದೆ. ಅದೂ ರೆಕ್ಕೆಯಲ್ಲೇ ಎಂದಳು. ಚಕ್ರವನ್ನೂ ಇಂಜಿನ್ನನ್ನೂ ಒಂದೇ ಕಡೆ ಇಟ್ಟವನು ಯಾವ ಬುದ್ಧಿವಂತನೋ ನನಗೆ ಗೊತ್ತಿಲ್ಲ. ನನ್ನ ಹಿಂದಿನ ಕ್ಯೂನಲ್ಲಿದ್ದವರು ಗೊಣಗತೊಡಗಿದರು. ಅವಸರ ಮಾಡಿದವರಿಗೆ ಯಾವತ್ತೂ ಒಳ್ಳೆಯ ಸೀಟು ಸಿಕ್ಕಿದ್ದಿಲ್ಲ ಎಂದು ಅವರಿಗೆ ತಿರುಗಿ ಹೇಳಿದೆ. ಕೊನೆಗೆ ನಕ್ಷೆಯಲ್ಲಿ ನಾನೇ ಬೆರಳಿಟ್ಟೆ. ಬಾಗಿಲಿಗೆ ದೂರ, ರೆಕ್ಕೆಗೆ ದೂರ, ಬಲಗಡೆ, ನೆರಳು, ಕಿಟಕಿ, ತೀರಾ ಕೊನೆಯ ಸಾಲೂ ಅಲ್ಲ. ಐವತ್ತೆರಡನೇ ಸಾಲು.

“ಅದು ಸಿಗರೇಟು ಸೇದುವವರ ಕಡೆ ಅಂಕಲ್,” ಎಂದಳು ಹುಡುಗಿ. ಇಪ್ಪತ್ತೆಂಟು ವರ್ಷ ಬೀಡಿ ಹೊಗೆಯಲ್ಲೇ ಉಸಿರಾಡಿದ್ದೇನೆ ಎಂದೆ. “ಮತ್ತೆ ಅಲ್ಲಿ ಕಿಟಕಿ ಸೀಟು ಒಂದೇ ಇರುವುದು, ಪಕ್ಕದ್ದೆಲ್ಲ ಹೋಗಿದೆ. ಆ ಸೀಟಿನದ್ದು ಇನ್ನೊಂದು ವಿಷಯ ಉಂಟು...”

“ಸೀಟಿನ ವಿಷಯ ನಂಗೆ ಹೇಳ್ಬೇಡಮ್ಮ,” ಎಂದೆ. “ಅದೇ ಕೊಡು.”

ಆಗ ಹಿಂದಿನಿಂದ ಅನಸೂಯ ಮುಂದೆ ಬಂದು, ನನಗೆ ಆ ಬಾಗಿಲ ಪಕ್ಕದ್ದೇ ಕೊಡು ಮಗಳೇ ಎಂದಳು.

ನನಗೆ ಕೋಪ ಬಂದದ್ದು ನಿಜ. ಅಷ್ಟು ಜನರ ಮುಂದೆ ರಹಮತ್ತುಲ್ಲಾನ ಮಾತು ಗೆದ್ದಿತಲ್ಲ ಎಂದು. ಆದರೆ ಒಳಗೊಳಗೆ (ಇದನ್ನು ಹದಿನಾಲ್ಕು ಮನೆಗಳಲ್ಲಿ ಯಾರಿಗೂ ಹೇಳಿಲ್ಲ) ಸಂತೋಷವೂ ಆಯಿತು. ಜಗಳವಿಲ್ಲದೆ, ಮಂಡಿಯ ನಾಟಕವಿಲ್ಲದೆ ಕಿಟಕಿ ನನ್ನದಾಯಿತು. ಅವಳು ಹೋಗಿ ಬಾಗಿಲಲ್ಲಿ ಕೂತು ಧೂಳು ತಿನ್ನಲಿ, ಕಾಲು ತುಳಿಸಿಕೊಳ್ಳಲಿ, ನನ್ನ ಶಾಸ್ತ್ರದ ಬೆಲೆ ಆಗ ತಿಳಿಯುತ್ತದೆ ಎಂದುಕೊಂಡೆ.

ವಿಮಾನದ ಏಣಿಯ ಬಳಿಗೆ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದರು. ಬಸ್ಸು ಎಂದ ಮೇಲೆ ಕೇಳಬೇಕೆ, ನನ್ನ ರಕ್ತ ಬಿಸಿಯಾಯಿತು. ಕುಂಟು ಕಾಲಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿ ಮೊದಲು ಏರಿದೆ. ಒಳಗೆ ಕಾಲಿಟ್ಟು ಎಡಗಡೆ ತಿರುಗಿದರೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮಂಚದಷ್ಟು ಅಗಲದ ಸೀಟುಗಳು, ಒಂದಕ್ಕೂ ಒಂದಕ್ಕೂ ನಡುವೆ ಎಮ್ಮೆ ಮಲಗುವಷ್ಟು ಜಾಗ, ಹತ್ತರಲ್ಲಿ ಎಂಟು ಖಾಲಿ. ಇಷ್ಟು ಜನ ಓದಿದವರಿದ್ದು ಒಬ್ಬನಿಗೂ ಸೀಟು ಹಿಡಿಯಲು ಬರುವುದಿಲ್ಲವಲ್ಲ ಎಂದು ಮರುಕವಾಯಿತು. ಐವತ್ತೆರಡರ ಆಸೆಯನ್ನು ಅಲ್ಲಿಯೇ ಬಿಟ್ಟೆ. ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಎಸೆದೆ. ಮಡಿಕೆ ಬಿಚ್ಚದೆ ನಟ್ಟನಡುವೆ ಬಿತ್ತು. ಅದರ ಪಕ್ಕದ್ದರ ಮೇಲೆ ಅನಸೂಯಳಿಗಾಗಿ ಕರ್ಚೀಫು ಹಾಕಿದೆ. ನಾನು ಹೆಂಡತಿಯ ಬಗ್ಗೆ ಯೋಚಿಸುವುದೇ ಇಲ್ಲ ಎನ್ನುವವರು ಈ ಕರ್ಚೀಫಿಗೆ ಉತ್ತರ ಹೇಳಬೇಕು.

ವಿಮಾನದ ಕೆಲಸದ ಹೆಣ್ಣುಮಗಳೊಬ್ಬಳು ಬಂದು ನನ್ನ ಕೈಯಲ್ಲಿದ್ದ ಚೀಟಿ ನೋಡಿ, ಟವೆಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ, ನಗುನಗುತ್ತಲೇ ನನ್ನ ಹೆಗಲಿಗೆ ವಾಪಸು ಹಾಕಿದಳು. ಇದು ಫಸ್ಟ್ ಕ್ಲಾಸಂತೆ. ಟವೆಲ್ ಬಿದ್ದ ಸೀಟಿನಿಂದ ಒಬ್ಬನನ್ನು ಎಬ್ಬಿಸಿದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಗೌನಿಪಲ್ಲಿಯಲ್ಲಾಗಿದ್ದರೆ ಇದಕ್ಕೆ ಪಂಚಾಯಿತಿ ಸೇರುತ್ತಿತ್ತು. ಅಲ್ಲಿಂದ ಹಿಂದಕ್ಕೆ ನಡೆದೆ, ನಡೆದೆ, ಕೋಲಾರದ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಯಷ್ಟು ನಡೆದೆ. ದಾರಿಯಲ್ಲಿ ಬಾಗಿಲ ಪಕ್ಕ ಅನಸೂಯ ಆಗಲೇ ಚಪ್ಪಲಿ ಬಿಟ್ಟು ಕೂತಿದ್ದಳು. ಟವೆಲ್ಲಿನ ಪ್ರಸಂಗ ಪೂರ್ತಿ ಅವಳ ಕಣ್ಣಿಗೆ ಬಿದ್ದಿರಬೇಕು. ನೋಡಿಯೂ ನೋಡದ ಹಾಗೆ ಸೆರಗು ಸರಿಮಾಡಿಕೊಂಡಳು.

ಐವತ್ತೆರಡನೇ ಸಾಲು ಸಿಕ್ಕಿತು. ಹೊರಗಿನ ಎರಡು ಸೀಟಿನಲ್ಲಿ ಲಂಡನ್ನಿಗೆ ಹೋಗುವ ಅಣ್ಣತಮ್ಮಂದಿರಿಬ್ಬರು ಕೂತಿದ್ದರು, ಒಬ್ಬೊಬ್ಬರೂ ಎರಡು ಟಿಕೆಟ್ಟಿನಷ್ಟು ಇದ್ದರು. ಅವರನ್ನು ಎಬ್ಬಿಸಿ, ದಾಟಿ, ಒಳಗೆ ತೂರಿ, ಕುಸಿದು ಕೂತು, ಬೆಲ್ಟು ಹಾಕಿಸಿಕೊಂಡು, ಇಪ್ಪತ್ತೆಂಟು ವರ್ಷದ ಅನುಭವದ ಫಲವನ್ನು ಸವಿಯಲು ಬಲಕ್ಕೆ ತಿರುಗಿದೆ.

ಗೋಡೆ.

ಕಿಟಕಿ ಇರಲಿಲ್ಲ. ನನ್ನ ಮುಂದಿನವನಿಗೆ ಕಿಟಕಿ ಇತ್ತು. ನನ್ನ ಹಿಂದಿನವನಿಗೆ ಕಿಟಕಿ ಇತ್ತು. ಇಡೀ ವಿಮಾನದ ಬಲಗಡೆಯಲ್ಲಿ ಕಿಟಕಿ ಕೊರೆಯುತ್ತಾ ಬಂದವನು ನನ್ನ ಸೀಟಿನ ಹತ್ತಿರ ಬಂದಾಗ ಕಾಫಿಗೆ ಎದ್ದು ಹೋಗಿದ್ದ. ಮೊಸರಿನ ಬಣ್ಣದ ನುಣುಪು ಗೋಡೆ, ಅದರ ಮೇಲೆ ನನ್ನ ಮುಖದ ನೆರಳು. ‘ಏಮಿಟಿದಿ’, ಏನಿದು, ಎಂದು ತೆಲುಗಿನಲ್ಲಿ ಗೋಡೆಯನ್ನೇ ಕೇಳಿದೆ. ಮಂಗಳೂರಿನ ಹುಡುಗಿ ಹೇಳಹೊರಟ ಇನ್ನೊಂದು ವಿಷಯ ಯಾವುದೆಂದು ಆಗ ತಿಳಿಯಿತು.

ಎಕಾನಮಿ ಎಂದರೆ ಮಿತವ್ಯಯ ಎಂದು ಗೊತ್ತಿತ್ತು. ಆದರೆ ಮಿತವ್ಯಯವನ್ನು ನನ್ನ ಮಂಡಿಯಿಂದಲೇ ಶುರು ಮಾಡುತ್ತಾರೆಂದು ಗೊತ್ತಿರಲಿಲ್ಲ. ಮುಂದಿನವನು ಸೀಟು ಹಿಂದಕ್ಕೆ ಒರಗಿಸಿದ ಮೇಲೆ ಅವನ ತಲೆಗೆ ಎಣ್ಣೆ ಹಚ್ಚುವಷ್ಟು ಹತ್ತಿರದಲ್ಲಿ ನಾನಿದ್ದೆ. ಪಕ್ಕದಲ್ಲಿ ಅಣ್ಣನ ಸಿಗರೇಟು ಆರುವ ಮುಂಚೆ ತಮ್ಮನದು ಹತ್ತುತ್ತಿತ್ತು. ಹಿಂದಿನ ಸಾಲುಗಳಾಚೆಯ ಕಕ್ಕಸಿನ ಬಾಗಿಲು ಹೊತ್ತಿಗೊಂದು ಸಲ ಬಡಿದುಕೊಳ್ಳುತ್ತಿತ್ತು. ಅಂದರೆ ಬಾಗಿಲಿನಿಂದ ತಪ್ಪಿಸಿಕೊಳ್ಳಲು ನಾನು ಎಲ್ಲಿಗೆ ಬಂದೆನೋ ಅಲ್ಲಿಯೂ ಬಾಗಿಲೇ ಇತ್ತು. ಬಿಸಿಲು ಮಾತ್ರ ಒಂದು ಚೂರೂ ಬೀಳಲಿಲ್ಲ.

ಒಂದೂವರೆ ಗಂಟೆ ತಡೆದುಕೊಂಡೆ. ಆಮೇಲೆ ಅಣ್ಣತಮ್ಮಂದಿರನ್ನು ಎಬ್ಬಿಸಿ, ಮಂಡಿ ಎಳೆದುಕೊಂಡು ಮುಂದಕ್ಕೆ ಹೋದೆ. ಧೂಳು ತಿಂದು, ಕಾಲು ತುಳಿಸಿಕೊಂಡು, ಅಳುಮುಖ ಮಾಡಿಕೊಂಡಿದ್ದರೆ ದೊಡ್ಡ ಮನಸ್ಸು ಮಾಡಿ ಸೀಟು ಬದಲಾಯಿಸಿಕೊಳ್ಳೋಣ ಎಂಬ ಯೋಚನೆಯಿತ್ತು.

ಅನಸೂಯ ಎರಡೂ ಕಾಲನ್ನು ನೀಳವಾಗಿ ಚಾಚಿ, ಕಂಬಳಿ ಹೊದ್ದು, ಚಕ್ಕುಲಿ ತಿನ್ನುತ್ತಿದ್ದಳು. ಆ ಬಾಗಿಲು ಅದುವರೆಗೆ ಒಂದು ಸಲವೂ ತೆರೆದಿರಲಿಲ್ಲ. ವಿಮಾನದ ಬಾಗಿಲನ್ನು ಸ್ಟಾಪು ಸ್ಟಾಪಿಗೆ ತೆರೆಯುವುದಿಲ್ಲ ಎಂಬ ಸಣ್ಣ ಸಂಗತಿ ನನ್ನ ಶಾಸ್ತ್ರದಲ್ಲಿ ಬಿಟ್ಟುಹೋಗಿತ್ತು. ಅವಳ ಎದುರಿಗೆ ಸೀಟಿರಲಿಲ್ಲ. ಕಿಟಕಿ ಇತ್ತು. ಒಂದಲ್ಲ, ಎರಡು. ಬಾಗಿಲಿನದೇ ಒಂದು, ಅವಳ ಪಕ್ಕದ್ದು ಇನ್ನೊಂದು. ನನಗೆ ಬರಬೇಕಾಗಿದ್ದ ಕಿಟಕಿಯನ್ನೂ ಇಲ್ಲಿಗೇ ತಂದು ಹಾಕಿದ್ದರು.

“ಕೆಳಗೆ ಬರೀ ಮರಳು ಕಣ್ರೀ, ಒಕ್ಕಣೆ ಮುಗಿದ ಕಣದ ಹಾಗಿದೆ,” ಎಂದಳು. “ನಿಮ್ಮ ಕಡೆ ಹೇಗೆ ಕಾಣುತ್ತೆ?”

ಚೆನ್ನಾಗಿ ಕಾಣುತ್ತದೆ ಎಂದೆ. ಆಮೇಲೆ ಮೆಲ್ಲಗೆ ಮಂಡಿಯ ವಿಷಯ ತೆಗೆದೆ. ಅದು ಊದಿಕೊಂಡಿದೆ ಎಂದೆ. ಐವತ್ತೆರಡನೇ ಸಾಲಿನಲ್ಲಿ ಜನ ಬಹಳ ಒಳ್ಳೆಯವರು, ಮಾತಿಗೆ ಜೊತೆಯಿದೆ, ನೀನು ಬೇಕಾದರೆ ಅಲ್ಲಿ ಕೂತುಕೋ, ನನ್ನದೇನೂ ಅಭ್ಯಂತರವಿಲ್ಲ ಎಂದೆ.

ಅವಳು ಚಕ್ಕುಲಿಯನ್ನು ಪೂರ್ತಿ ಅಗಿದು ನುಂಗಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಒಮ್ಮೆ ಕೂತ ಸೀಟು ಬದಲಾಯಿಸಲಾಗುವುದಿಲ್ಲ,” ಎಂದಳು. ಗ್ರಾಂಥಿಕ ಭಾಷೆಯಲ್ಲಿ, ಅಕ್ಷರ ಅಕ್ಷರ ಬಿಡಿಸಿ. “ಇಂತಿ, ಏಜೆಂಟರು.”

ಪಕ್ಕದಲ್ಲಿದ್ದ ಕೆಂಪು ಮುಖದ ಮುದುಕಿಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕಳು.

ಲಂಡನ್ನಿನಲ್ಲಿ ಅಣ್ಣತಮ್ಮಂದಿರು ಇಳಿದರು. ದೇವರು ಕಣ್ಣು ಬಿಟ್ಟ ಎಂದುಕೊಂಡು ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಕುವಷ್ಟರಲ್ಲಿ ಚುಟ್ಟಾ ಸೇದುವ ಇನ್ನಿಬ್ಬರು ಬಂದು ಕೂತರು, ಅವರಲ್ಲೊಬ್ಬ ಟವೆಲ್ಲಿನ ಮೇಲೆಯೇ ಕೂತ. ಅದನ್ನು ಎಳೆದುಕೊಳ್ಳಲು ನನಗೆ ಒಂದು ಗಂಟೆ ಹಿಡಿಯಿತು. ನಾನು ಗೋಡೆಯನ್ನು ನೋಡುತ್ತಾ ಕೂತೆ. ಎಷ್ಟು ನೋಡಿದೆನೆಂದರೆ ಅದರ ಮೇಲಿನ ಒಂದು ಸಣ್ಣ ಗೀರು ಶ್ರೀನಿವಾಸಪುರದಿಂದ ಕೋಲಾರದ ರಸ್ತೆಯಂತೆಯೇ ಬಾಗುತ್ತದೆ ಎಂಬುದು ಗೊತ್ತಾಯಿತು. ಮನಸ್ಸಿನಲ್ಲೇ ಅದರ ಮೇಲೆ ಸ್ಟಾಪುಗಳನ್ನು ಗುರುತು ಮಾಡಿದೆ. ಎಲ್ಲಿ ಹುಣಸೆ ಮರ, ಎಲ್ಲಿ ಕೆರೆ ಏರಿ, ಎಲ್ಲಿ ಮಾವಿನ ತೋಪು, ಎಲ್ಲ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅನಸೂಯಳಿಗೆ ಅದರಲ್ಲಿ ಒಂದೂ ಗೊತ್ತಿಲ್ಲವಲ್ಲ ಎಂದು ಆಗ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಕೋಪ ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಸಮುದ್ರದ ಮೇಲೆ ಮಂಜುಗಡ್ಡೆ ತೇಲುತ್ತಿದೆ ಎಂದು ಯಾರೋ ಅಂದರು. ಜನ ಕಿಟಕಿ ಕಿಟಕಿಗೂ ಬಗ್ಗಿದರು. ಬಗ್ಗಲು ನನಗೊಂದು ಕಿಟಕಿ ಇರಲಿಲ್ಲ. ಮತ್ತೆ ಎದ್ದು, ಚುಟ್ಟಾಗಳನ್ನು ದಾಟಿ, ಬಾಗಿಲ ಹತ್ತಿರ ಹೋದೆ. ಕೆಂಪು ಮುಖದ ಮುದುಕಿ ನಿದ್ದೆ ಮಾಡುತ್ತಿದ್ದಳು. ಬಾಗಿಲಿನ ಕಿಟಕಿಗೆ ಆಗಲೇ ನಾಲ್ಕು ಜನ ಮುತ್ತಿಕೊಂಡಿದ್ದರು. ಅನಸೂಯ ತನ್ನ ಪಕ್ಕದ ಕಿಟಕಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದಳು. ಬೊಂಬಾಯಿ ಬಿಟ್ಟಾಗಿನಿಂದ ಒಂದು ನಿಮಿಷವೂ ಅವಳು ಕಣ್ಣು ಮುಚ್ಚಿರಲಿಲ್ಲ. ನಾನು ಹಿಂದಿನಿಂದ ಬಗ್ಗಿದೆ, ಎಡಕ್ಕೆ ಬಾಗಿದೆ, ಬಲಕ್ಕೆ ಬಾಗಿದೆ, ಕಾಲ ಬೆರಳಿನ ಮೇಲೆ ನಿಂತೆ. ಮಂಜುಗಡ್ಡೆ ಕಾಣಲಿಲ್ಲ.

ಕಂಡದ್ದು ಅವಳ ಕಿವಿ.

ಮದುವೆಯಲ್ಲಿ ನಾನೇ ಹಾಕಿಸಿದ ಏಳು ಕಲ್ಲಿನ ಓಲೆ. ಅದರಲ್ಲಿ ಆರು ಕಲ್ಲಿದ್ದವು. ಏಳನೆಯದರ ಜಾಗದಲ್ಲಿ ಒಂದು ಚೂರು ಅರಗು ಮೆತ್ತಿತ್ತು.

“ಕಲ್ಲು ಯಾವಾಗ ಬಿತ್ತೇ?” ಎಂದು ಕೇಳಿದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಆರು ವರ್ಷ ಆಯ್ತು. ಮಾಲೂರ್ ಬಸ್ಸಲ್ಲಿ. ಬಿತ್ತು ಅಂತ ಹೇಳ್ದೆ. ನೀವು ಕಿಟಕಿ ಕಡೆ ನೋಡ್ತಿದ್ರಿ.”

ಚುಟ್ಟಾಗಳನ್ನು ದಾಟಿ ವಾಪಸು ಹೋಗಿ ಗೋಡೆ ನೋಡುತ್ತಾ ಕೂತೆ.

ನ್ಯೂಯಾರ್ಕಿನಲ್ಲಿ ಕದಿರೇಶ ಹೂವಿನ ಹಾರ ಹಿಡಿದು, ಗುಡಿಯ ಕಮಿಟಿಯವರನ್ನು ಐದಾರು ಜನರನ್ನು ಕಟ್ಟಿಕೊಂಡು ನಿಂತಿದ್ದ. ಅಕ್ಕನ ಕಾಲಿಗೆ ಬಿದ್ದ, ಅಕ್ಕ ಅತ್ತಳು, ಅತ್ತು ಮುಗಿಸಿ ದಾರಿಯುದ್ದ ತಾನು ಕಂಡದ್ದನ್ನು ಶುರು ಮಾಡಿದಳು. ಮರಳು, ಸುಣ್ಣ ಬಳಿದ ಹಾಗಿದ್ದ ಬೆಟ್ಟ, ಮೋಡದ ಮೇಲೆ ಬಿದ್ದ ವಿಮಾನದ ನೆರಳು, ತೇಲುವ ಮಂಜುಗಡ್ಡೆ. ಕಮಿಟಿಯವರು ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದವರು, ಇದನ್ನೆಲ್ಲ ನಾವು ನೋಡಿಯೇ ಇಲ್ಲವಲ್ಲ ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಒಂದು ಕಾಲಿನ ಮೇಲೆ ನಿಂತು ಚುಟ್ಟಾ ವಾಸನೆಯ ಟವೆಲ್ಲನ್ನು ಮಡಿಚುತ್ತಿದ್ದೆ. ಕದಿರೇಶ ನನ್ನ ಕಡೆ ತಿರುಗಿದ.

“ನೀವೇನೇನ್ ನೋಡಿದ್ರಿ ಭಾವ?”

ಸುಳ್ಳು ಹೇಳೋಣವೆಂದರೆ ಅವಳು ಪಕ್ಕದಲ್ಲೇ ನಿಂತಿದ್ದಳು.

“ನಿಮ್ಮಕ್ಕನ ಕಿವಿ ನೋಡ್ದೆ ಕಣಪ್ಪ,” ಎಂದೆ.

ಭಾವ ತಮಾಷೆ ಮಾಡುತ್ತಿದ್ದಾರೆಂದು ಎಲ್ಲರೂ ನಕ್ಕರು. ಅನಸೂಯ ನಗಲಿಲ್ಲ. ಸೆರಗಿನ ತುದಿಯಿಂದ ಓಲೆ ಒರೆಸಿಕೊಂಡು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

“ವಾಪಸ್ ಹೋಗೋವಾಗ ಎಡಗಡೆ ಬಾಗಿಲು ತಗೋತೀನಿ. ಇನ್ನೊಂದು ಕಿವೀನೂ ನೋಡೋರಂತೆ.”

ಹಾಗೆಯೇ ಆಯಿತು. ಆ ಕಿವಿಯ ಓಲೆಯಲ್ಲಿ ಏಳು ಕಲ್ಲೂ ಇವೆ.